ಮುಂದಿನ ಸೀಟಿನ ಮುತ್ಯಾ

ಇಂಥಾ ಫಜೀತಿಗೋಳು ನನ್ನ ಬೆನ್ನ ಹತ್ತಿ ಬರತಾವ, ನಾನಾಗಿ ಹುಡುಕ್ಕೊಂಡು ಹೋಗಂಗಿಲ್ಲ. ಹೇಳಾಂವ ನಾ, ಬರಿಯಾಕಿ ನಮ್ಮ ಸೊಸಿ. ನನಗ ಅಕ್ಷರ ಬರಂಗಿಲ್ಲ, ಸ್ಟೇರಿಂಗ ಬರತದ.

ಹಿಂದ ಹಿಂದಕ

ತಾಮ್ಹಿಣಿ ಘಾಟ ಪೂರ್ತಿ ರಿವರ್ಸ್ ಗೇರಿನ್ಯಾಗ ಹತ್ತಿಸಿದಾಂವ ಇಡೀ ಪುಣೆದಾಗ ನಾ ಒಬ್ಬನೇ. ಆಗ ಗುತ್ತೇದಾರನ ಜೀಪು ಹೊಡಿತಿದ್ದೆ. ನಡುದಾರಿಯಾಗ ಮುಂದಿನ ಗೇರೆಲ್ಲಾ ಕೈಕೊಟ್ಟವು. ಜೀಪು ತಿರುಗಿಸಿದೆ, ಕುತ್ತಿಗಿ ತಿರುಗಿಸಿದೆ, ಹತ್ತಿಸೇಬಿಟ್ಟೆ. ಆಮ್ಯಾಲೆ ಎಷ್ಟೋ ದಿನ ಕುತ್ತಿಗಿ ಹಂಗೇ ಹಿಂದಕ್ಕ ನಿಂತಿತ್ತು. ಊಟಕ್ಕ ಕುಂತರ ನನ್ನ ಹೆಣತಿ ತಾಟು ಬೆನ್ನ ಕಡೆ ಇಡತಿದ್ಲು. ಗುತ್ತೇದಾರ ತೀರಿಕೊಂಡ, ಹೆಣತಿನೂ ಹೋದ್ಲು, ಜೀಪು ಗುಜರಿ ಸೇರ್ತು. ಸಾಕ್ಷಿ ಬೇಕಂದ್ರ ನನ್ನನ್ನೇ ಕೇಳ್ರಿ.

ಪುಣೆದ ಖಡಕಿಯೊಳಗ ನಮ್ಮ ಮ್ಯಾಲಿನ ಮನಿಯಾಗ ಬೆಂಗಳೂರಿನ ಹುಡುಗಿ ಮತ್ತ ಆಕಿ ಗಂಡ ಇರತಾರ. ಇಬ್ಬರದೂ ಕಂಪ್ಯೂಟರ್ ಕೆಲಸ. ರವಿವಾರ ಬಂತಂದ್ರ ರಸ್ತಾ ಬಿಟ್ಟು ಗುಡ್ಡ, ಹಳ್ಳದಾಗ ಜೀಪು ಓಡಸೋ ಹುಚ್ಚು. ನಾವು ಮುತ್ಯಾ ಅಂತೀವಿ, ಆಕಿ ತಾತ ಅಂತಾಳ. ನನ್ನ ಘಾಟಿನ ಕಥಿ ಕೇಳಿ, "ತಾತ, ನೀವು ನಮ್ ಜೊತೆ ಬನ್ನಿ. ದಾರಿ ತೋರಿಸೋಕೆ ಮುಂದಿನ ಸೀಟು ನಿಮಗೇ" ಅಂದ್ಲು. ಜೀಪು ಆಕಿ ಹೊಡಿತಾಳ. ಗಂಡ ಹೋಗಿ ಹಿಂದ ಟೆಂಟು, ಸ್ಟೋವಿನ ಸಂದಿಯಾಗ ಕುಂತ. ಅವತ್ತಿಂದ ಅವನ ಕಣ್ಣೆಲ್ಲಾ ಆ ಸೀಟಿನ ಮ್ಯಾಲೇ.

ಪಿಠಲಾ ಭಾಕರಿ

ಮೊದಲನೇ ಸಲ ಮುಳಶಿ ಕಡೆ ಹೊಂಟಿದ್ವಿ. ಮೊಬೈಲಿನ ನಕ್ಷಾ ಎಡಕ್ಕ ಅಂತು. "ಬಲಕ್ಕ ಹೊಡಿಯವ್ವಾ, ಈ ಮಣ್ಣು ನನಗ ಗೊತ್ತದ" ಅಂದೆ. ಹೊಡದ್ಲು. ಹೋಗಿ ನಿಂತದ್ದು ಒಂದು ಎಮ್ಮಿ ಕೊಟ್ಟಿಗ್ಯಾಗ. ಎಮ್ಮಿ ಎದ್ದು ಜೀಪು ನೆಕ್ಕಿತು. ಮನಿ ಮುದುಕಿ ಮರಾಠಿಯಾಗ ಬೈಕೋತ ಬಂದ್ಲು. ನಾನೂ ಮರಾಠಿಯಾಗ "ಮಾವಶಿ, ನಿನ್ನ ನೋಡಾಕಂತನೇ ಬಂದೀವಿ" ಅಂದೆ. ಬಿಸಿ ಪಿಠಲಾ ಭಾಕರಿ, ಅಂದ್ರ ಕಡ್ಲಿಹಿಟ್ಟಿನ ಪಲ್ಯಾ, ರೊಟ್ಟಿ ಹಾಕಿದ್ಲು.

ಉಂಡು ಕೈ ತೊಳಿಯೋವಾಗ ಹುಡುಗಿ ಗಂಡ, "ಮುಂದಿನ ವಾರ ಮುಂದಿನ ಸೀಟಲ್ಲಿ ಮೊಬೈಲ್ ಕೂರಿಸೋಣ" ಅಂದ.

"ಕೂರಸಪಾ," ಅಂದೆ. "ಭಾಕರಿ ಯಾರು ಕೊಡಸ್ತಾರ ನೋಡೂಣು."

ಗಾಳಿ

ಹಂಗಂದೆ ಖರೆ. ಸೀಟು ಹೋದ್ರ ನಮ್ಮ ಓಣಿ ಚಹಾದಂಗಡಿಯಾಗ ಏನ ಮಾರಿ ತೋರಿಸಲಿ? ಸೊಸಿ ಮೊಬೈಲಿನ್ಯಾಗ ಮೈಕ್ ಒತ್ತಿ ಮಾತಾಡೋದು ಕಲಿಸಿದ್ಲು. "ಕಚ್ಚಾ ರಸ್ತಾದಾಗ ಗಾಡಿ ಹೆಂಗ ಹೊಡಿಬೇಕು?" ಅಂತ ಕೇಳಿದೆ. ವಿಡಿಯೋ ಮ್ಯಾಲ ವಿಡಿಯೋ ಬಂದ್ವು. ಒಬ್ಬಾಂವ ಉಸುಕಿನ್ಯಾಗ ನಿಂತು ಟೈರಿನ ಗಾಳಿ ಬಿಟ್ಟ, ಗಾಡಿ ಹಾವಿನಂಗ ಹರದುಹೋತು. ಭಾಷಾ ತಿಳೀಲಿಲ್ಲ, ಕೈಚಳಕ ತಿಳೀತು.

ರವಿವಾರ ಎಲ್ಲಾರಕಿಂತ ಮೊದಲ ಕೆಳಗಿಳಿದು ನಾಕೂ ಗಾಲಿ ಗಾಳಿ ಬಿಟ್ಟೆ. ಶಿವಾಜಿನಗರದ ಸರ್ಕಲ್ಲಿಗೆ ಬರೋದ್ರೊಳಗ ಜೀಪು ಕುಡದಾಂವನಂಗ ಓಲಾಡಾಕ ಹತ್ತಿತ್ತು. ಹವಾಲ್ದಾರ ಕೈ ತೋರಿಸಿ, ಟೈರು ನೋಡಿ, ಮರಾಠಿಯಾಗ "ಇದೇನು?" ಅಂದ.

"ಉಸುಕಿನ್ಯಾಗ ಹಿಂಗs ಹೋಗಬೇಕ್ರಿ ಸಾಹೇಬ್ರ."

ಅವನು ಡಾಂಬರ ನೋಡಿದ, ನನ್ನ ನೋಡಿದ. "ಮುತ್ಯಾ, ಉಸುಕು ಬರೋತನಕ ಬದಿಗೆ ನಿಂದ್ರು."

ನಾಯಿ

ಈಗ ಸೀಟು ಹೋದಂಗೇ ಅಂತ ಖಾತ್ರಿ ಆತು. ಹುಡುಕಿ ಹುಡುಕಿ ಕಡೀಕ ಒಂದು ಚಂದ ವಿಡಿಯೋ ಸಿಕ್ಕಿತು. ಮಾರಿ ಕಾಣಂಗಿಲ್ಲ, ಮಾತಿಲ್ಲ, ಬರೇ ಎರಡು ಕೈ, ಕೆಸರು, ಬಾಜಾ. ಕೆಸರಿನ್ಯಾಗ ತಿರುಗೋ ಗಾಲಿ ಬುಡಕ್ಕ ಕಾಲಿಡೋ ಮ್ಯಾಟು ತುರುಕಿ, ಮೆಲ್ಲಕ ಎಕ್ಸಲೇಟರ್ ಒತ್ತೋದು. ಬಾಯಿಪಾಠ ಆಗೋತನಕ ನೋಡಿದೆ.

ದೇವರು ದೊಡ್ಡಾಂವ. ಮುಂದಿನ ರವಿವಾರ ತಾಮ್ಹಿಣಿ ದಾಟಿ ಜೀಪು ಕೆಸರಿನ್ಯಾಗ ಕುಂತೇಬಿಡ್ತು. ಗಂಡ ನೂಕಿ ನೂಕಿ ಮಣ್ಣಿನ ಗೊಂಬಿ ಆದ. ನಾ ಇಳದೆ, "ಮ್ಯಾಟು ತೆಗೀರಿ" ಅಂದೆ, ತುರುಕಿಸಿದೆ. ಜೀಪು ಜಿಗದು ಮ್ಯಾಲ ಬಂತು. ಗಂಡನೂ ಚಪ್ಪಾಳಿ ಹೊಡದ.

ದಾರಿಯೊಳಗಿನ ಚಹಾದಂಗಡಿಯಾಗ ಕುಂತು ನಾ ಶುರು ಹಚ್ಚಿದೆ. "ಗುತ್ತೇದಾರನ ಜೀಪು ಹಿಂಗs ಹೂತಿತ್ತು."

"ಆಗಿನ ಜೀಪಲ್ಲಿ ಮ್ಯಾಟ್ ಎಲ್ಲಿತ್ತು ತಾತ?" ಅಂದ ಗಂಡ.

"ಅದಕ್ಕs ನನ್ನ ಧೋತರ ಬಿಚ್ಚಿ ಹಾಸಿದೆ! ಹೊರಗ ಬರೋದೊಂದೇ ತಡ, ಎಲ್ಲಿಂದಲೋ ಒಂದು ಕರೀ ನಾಯಿ, ಒಂದೇ ಕಿವಿ ಬಿಳೇದು, ಬಾನೆಟ್ಟಿನ ಮ್ಯಾಲ ಜಿಗದು ರಾಜನಂಗ ಕುಂತ್ಬಿಡ್ತು."

ಹುಡುಗಿ ಚಹಾದ ಲೋಟ ಕೆಳಗಿಟ್ಲು. "ತಾತ, ಆ ನಾಯಿಗೆ ನೀಲಿ ಬೆಲ್ಟ್ ಇತ್ತಾ?"

"ಇತ್ತಲ್ಲ! ನಿನಗ ಹೆಂಗ ಗೊತ್ತವ್ವಾ?"

"ಅದು ಈಗ ಬೆಂಗಳೂರಲ್ಲಿ ನಮ್ಮಮ್ಮನ ಮನೇಲಿದೆ. ಆ ಮ್ಯಾಟ್ ವಿಡಿಯೋ ನಂದು, ಕೊನೇಲಿ ಬಾನೆಟ್ ಮೇಲೆ ಜಿಗಿಯೋದು ಅದೇ ನಾಯಿ. ಮೇಲ್ಗಡೆ ನನ್ನ ಹೆಸರು ಅಷ್ಟು ದಪ್ಪಕ್ಕೆ ಬರೆದಿದೆಯಲ್ಲ ತಾತ!"

ಗಂಡ ಚಹಾ ಅಲ್ಲೇ ಬಿಟ್ಟು ಓಡಿಹೋಗಿ ಮುಂದಿನ ಸೀಟಿನ್ಯಾಗ ಕುಂತು ಬೆಲ್ಟ್ ಹಾಕ್ಕೊಂಡ.

ನಾ ಹೆಗಲು ಹಾರಿಸಿದೆ. "ಓದಾಕ ಬಂದಿದ್ರ ಬ್ಯಾರೆಯವರ ವಿಡಿಯೋ ಆರಸ್ತಿದ್ದೆ, ಬಿಡವ್ವಾ."