ಬೀಗಿತ್ತಿಯ ಬೇಸಿಗೆ ಮತ್ತು ನನ್ನ ಟೈಮ್‌ಟೇಬಲ್

ನಮ್ಮ ಬೀಗಿತ್ತಿಯ ಲೆಕ್ಕದಲ್ಲಿ ಮನುಷ್ಯರ ಮಧ್ಯವಯಸ್ಸು ಮುಗಿಯುವುದೇ ಇಲ್ಲ. ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಭದ್ರಾವತಿಯ ಓಲ್ಡ್ ಟೌನಿನವರು, ವಯಸ್ಸು ಐವತ್ತನಾಲ್ಕು. ಅವರು ಮಿಡ್ಲ್ ಏಜ್ ಎಂದರೆ ಒಪ್ಪೋಣ. ಆದರೆ ಅರವತ್ತಾರರ ನನ್ನನ್ನೂ ಅದೇ ಕ್ಲಾಸಿನಲ್ಲಿ ಕೂರಿಸುತ್ತಾರೆ. ಅದು ಹೇಗೆ ಎಂದು ಕೇಳಿದ್ದಕ್ಕೆ, "ನೀವು ನೂರಾ ಮೂವತ್ತೆರಡು ಬದುಕಿದ್ರೆ ಇದು ಸರಿಯಾಗಿ ಮಧ್ಯ ಅಲ್ವಾ ಅಕ್ಕಾ?" ಎಂದರು. ಗಣಿತದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಈ ಮಾರ್ಚಿನಲ್ಲಿ ಅವರು ವಿದ್ಯಾನಗರದ ನಮ್ಮ ಮನೆಗೆ ಬಂದು, ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ಘೋಷಿಸಿದರು: "ಈ ಬೇಸಿಗೆ ನಂದು. ಹಪ್ಪಳ ಇಲ್ಲ, ಸಂಡಿಗೆ ಇಲ್ಲ, ಉಪ್ಪಿನಕಾಯಿ ಇಲ್ಲ. ಮೊಮ್ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಇರುತ್ತೆ, ನಂಗ್ಯಾಕಿಲ್ಲ? ಒಂದು ಪ್ಲ್ಯಾನ್ ಬರ್ಕೊಡಿ. ಇಂಗ್ಲಿಷಲ್ಲೇ ಬರೀರಿ. ಕನ್ನಡದಲ್ಲಿದ್ರೆ ನಮ್ಮತ್ತೆ ಓದ್ಬಿಡ್ತಾರೆ."

ಅವರ ಅತ್ತೆಗೆ ಎಂಬತ್ತಾರು. ಭೂತಗನ್ನಡಿ ಹಿಡಿದು ಪೇಪರಿನ ಟೆಂಡರ್ ನೋಟೀಸನ್ನೂ ಬಿಡದೆ ಓದುವವರು.

ನನಗಂತೂ ಜನ್ಮ ಸಾರ್ಥಕವಾಯಿತು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ಮುಖ್ಯವಾಗಿ ಎರಡು: ಕೆಮ್ಮುವಾಗ ಕರ್ಚೀಫ್ ಹಿಡಿಯುವುದು, ಬರೆಯುವ ಮುಂಚೆ ಮಾರ್ಜಿನ್ ಎಳೆಯುವುದು. ಸ್ಕೇಲು ತಂದೆ. ಕೆಂಪು ಇಂಕಿನಲ್ಲಿ 'ಆಬ್ಜೆಕ್ಟಿವ್ಸ್' ಎಂದು ಬರೆದು ಅಡಿಗೆರೆ ಹಾಕಿದೆ. ಕೆಳಗೆ 'ಬೆಳಗ್ಗೆ ಆರರಿಂದ ಆರೂವರೆ: ಜಾಯ್' ಎಂದು ಬರೆದು ಓದಿ ಹೇಳಿದೆ.

"ಆರು ಗಂಟೆಗೆ ಯಾವ ಖುಷಿ ಎದ್ದಿರುತ್ತೆ ಅಕ್ಕಾ? ಎಂಟಕ್ಕೆ ಹಾಕಿ."

ಎಂಟಕ್ಕೆ ಹಾಕಿದೆ. ಎರಡನೆಯದು, ಬಸ್ಸಿನ ಕಿಟಕಿ ಸೀಟು. ಮೂರನೆಯದು, ಐಸ್ ಕ್ಯಾಂಡಿ. ಯಾರಿಗೂ ಒಂದು ಕಚ್ಚು ಕೊಡದೆ. ಕೊನೆಯದನ್ನು ಖಾಲಿ ಬಿಡಿ ಎಂದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಕಲಿತವಳು ನಾನು. ಅವರು ಆ ಕಡೆ ತಿರುಗಿದಾಗ 'ಮಿಸಲೇನಿಯಸ್' ಎಂದು ತುಂಬಿಸಿದೆ.

"ನೀವೂ ಬರ್ಬೇಕು ಮಾರಾಯ್ರೇ. ಒಬ್ಳೇ ಕೂತ್ರೆ ಜನ ಮನೆ ಬಿಟ್ಟು ಬಂದಿದಾಳೆ ಅಂತಾರೆ."

ಇನ್ನೊಬ್ಬರ ಖುಷಿಗೆ ಇಷ್ಟು ಚೆಂದದ ಮಾರ್ಜಿನ್ ಎಳೆಯುವ ನಾನು, ನನ್ನ ಬೇಸಿಗೆಗಳನ್ನು ಎರಡು ವರ್ಷದ ಹಿಂದೆಯೇ ಮಡಿಸಿಟ್ಟಿದ್ದೆ. ನಮ್ಮ ಯಜಮಾನರು ಹೋದ ಮೇಲೆ ಸಮಾರಂಭಗಳಿಗೆ ಹೋಗುವುದು ಬೇಡವೆನಿಸಿತ್ತು. ಯಾರೂ ಏನೂ ಅನ್ನುವುದಿಲ್ಲ, ಬಹಳ ಪ್ರೀತಿಯಿಂದಲೇ ಊಟಕ್ಕೆ ಕೂರಿಸುತ್ತಾರೆ. ಆದರೆ ಅರಿಸಿನ ಕುಂಕುಮದ ತಟ್ಟೆ ನನ್ನ ಹತ್ತಿರ ಬಂದಾಗ ಸ್ವಲ್ಪ ಸ್ಪೀಡ್ ತೆಗೆದುಕೊಳ್ಳುತ್ತದೆ. ಎಡಗಡೆಯವರಿಗೆ ಬ್ಲೌಸ್ ಪೀಸು, ಬಲಗಡೆಯವರಿಗೆ ಬ್ಲೌಸ್ ಪೀಸು, ನನಗೆ ಒಂದು ನಗು.

ಆ ಬ್ಲೌಸ್ ಪೀಸುಗಳ ಮೇಲೆ ನನಗೆ ಎಂದಾದರೂ ಗೌರವವಿತ್ತೇ? ನನ್ನ ಒಂದು ತೋಳಿಗೂ ಸಾಲದ ಅವುಗಳಲ್ಲಿ ನಾನು ಫ್ಯಾನ್ ಒರೆಸುತ್ತಿದ್ದೆ. ಉಳಿದವನ್ನು ಬೀಗಿತ್ತಿಗೆ ಕೊಡುತ್ತಿದ್ದೆ, ಅವರು ನನಗೇ ವಾಪಸ್ ಕೊಡುತ್ತಿದ್ದರು. ಒಂದು ಗಿಳಿಹಸಿರು ಪೀಸಂತೂ ಮಕ್ಕಳ ಮದುವೆಯಿಂದ ನಮ್ಮಿಬ್ಬರ ಮಧ್ಯೆ ನಾಲ್ಕು ಸಲ ಓಡಾಡಿದೆ. ಮೂಲೆಯಲ್ಲಿ ನನ್ನ ಪೆನ್ನಿನ ಮಸಿ ಬಿದ್ದಿರುವುದರಿಂದ ಗುರುತು ಸಿಗುತ್ತದೆ. ಇಂಥದ್ದು ಕೈತಪ್ಪಿತೆಂದು ಸಂಕಟಪಡುವುದು ನಗೆಪಾಟಲಲ್ಲವೇ? ಆದರೂ ಸಂಕಟವಾಗುತ್ತಿತ್ತು. ಈ ಎರಡು ವರ್ಷದಲ್ಲಿ ಬೀಗಿತ್ತಿಯೂ ನನಗೆ ಒಂದೂ ಕೊಟ್ಟಿರಲಿಲ್ಲ. ಗಿಳಿಹಸಿರು ಅವರ ಬಳಿಯೇ ನಿಂತುಹೋಗಿತ್ತು. ನಾನು ಕೇಳಲಿಲ್ಲ. ಕಾನ್ವೆಂಟಿನ ಹುಡುಗಿಯರು ದೂರುವುದಿಲ್ಲ, ಕೆಮ್ಮುತ್ತಾರೆ.

ಏಪ್ರಿಲ್‌ನಲ್ಲಿ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಹೇಗೂ ಫ್ರೀ. ನಾನು ಛತ್ರಿ, ಫ್ಲಾಸ್ಕು, ಆಧಾರ್ ಕಾರ್ಡಿನ ಎರಡು ಝೆರಾಕ್ಸ್, ಬಿ.ಪಿ. ಮಾತ್ರೆ ಹಿಡಿದು ಹೊರಟಿದ್ದೆ. ಬೀಗಿತ್ತಿ ಕೈಬೀಸಿಕೊಂಡು ಬಂದಿದ್ದರು. ಶಿವಮೊಗ್ಗದಿಂದ ಭದ್ರಾವತಿ ತಲುಪಿದೆವು. ಇಳಿಯಲಿಲ್ಲ.

"ಈಗೆಲ್ಲಿಗಮ್ಮಾ?" ಎಂದ ಕಂಡಕ್ಟರ್.

"ಶಿವಮೊಗ್ಗಕ್ಕೆ."

"ಈಗ ಅಲ್ಲಿಂದಾನೇ ಬಂದ್ರಲ್ಲ, ಏನಾದ್ರೂ ಮರ್ತು ಬಂದ್ರಾ?"

"ಹೂನಪ್ಪ, ಮನೆಗೆಲಸ ಮರ್ತು ಬಂದಿದೀವಿ. ತರಕ್ಕೇನೂ ಹೋಗ್ತಿಲ್ಲ," ಎಂದರು ಬೀಗಿತ್ತಿ.

ಅಷ್ಟರಲ್ಲಿ ಎದುರು ಸೀಟಿನಲ್ಲಿ ನಮ್ಮ ಬೀದಿಯ ಮೇಡಂ ಒಬ್ಬರು ಕಂಡರು. ಸುಮ್ಮನೆ ಸುತ್ತುತ್ತಿದ್ದೇವೆ ಎನ್ನಲು ನಾಲಿಗೆ ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಎಂದುಬಿಟ್ಟೆ. ಮನೆ ಸೇರುವ ಮುಂಚೆಯೇ ಮಗಳ ಫೋನು: "ಅಮ್ಮ, ಆಪರೇಷನ್ ಅಂತೆ? ನಂಗ್ಯಾಕೆ ಹೇಳ್ಲಿಲ್ಲ?" ಒಂದೂವರೆ ಗಂಟೆಯ ಖುಷಿಗಾಗಿ ವಾರಪೂರ್ತಿ ಕಪ್ಪು ಕನ್ನಡಕ ಹಾಕಿಕೊಂಡು ಹಾಲು ತರಲು ಹೋದವಳು ಶಿವಮೊಗ್ಗದಲ್ಲಿ ನಾನೊಬ್ಬಳೇ ಇರಬೇಕು.

ಮೇ ತಿಂಗಳಲ್ಲಿ ಕಾಗದನಗರದಲ್ಲಿರುವ ಬೀಗಿತ್ತಿಯ ತಮ್ಮನ ಮನೆಯಲ್ಲಿ ನಾಮಕರಣ. ನಾನು ಮಂಡಿನೋವೆಂದು ತಪ್ಪಿಸಿಕೊಂಡೆ. ಮರುದಿನವೇ ಬೀಗಿತ್ತಿ ಫೋನ್ ಮಾಡಿದರು. "ಮಂಡಿ ಹೆಂಗಿದೆ ಅಂತ ಕೇಳಲ್ಲ. ಮನೆಗೆ ಬನ್ನಿ. ಪ್ಲ್ಯಾನ್ ತಗೊಂಡ್ ಬನ್ನಿ, ಕೊನೇದು ಬಾಕಿ ಇದೆ."

ಹೋದೆ. ಹೊಲಿಗೆ ಮೆಷಿನ್ನಿನ ಮೇಲೆ ಎರಡು ಫ್ರಾಕುಗಳಿದ್ದವು. ಹೌದು, ಫ್ರಾಕು. ಕಾಲಿನ ಗಂಟಿನವರೆಗೆ ಉದ್ದ, ಕೇಸರಿ ಪಕ್ಕದಲ್ಲಿ ನೇರಳೆ, ನೇರಳೆ ಪಕ್ಕದಲ್ಲಿ ಸಾಸಿವೆ ಹಳದಿ. ಪಟ್ಟಿ ಪಟ್ಟಿಯಾಗಿ ಬ್ಲೌಸ್ ಪೀಸುಗಳು.

"ನೀವು ಕಾನ್ವೆಂಟಿಗೆ ಫ್ರಾಕ್ ಹಾಕ್ಕೊಂಡು ಹೋಗ್ತಿದ್ದ ಫೋಟೋ ನೋಡಿದಾಗಿಂದ ನಂಗೊಂದು ಆಸೆ ಇತ್ತು. ನಂಗೆ ಬರೀ ಲಂಗ, ಹದಿನೇಳಕ್ಕೆ ಸೀರೆ ಉಡ್ಸಿದ್ರು. ಇದು ನಂದು. ಇದು ನಿಮ್ದು."

ನಾನು ಕೆಮ್ಮಿದೆ. ಅವರು ಪಟ್ಟಿಗಳ ಮೇಲೆ ಬೆರಳಿಡುತ್ತಾ ಹೋದರು. "ಇದು ಸೀಮಂತದ್ದು. ಇದು ಗೃಹಪ್ರವೇಶದ್ದು, ಅವತ್ತು ನೀವು ಬಂದಿದ್ರಿ, ತಟ್ಟೆ ಮುಂದಕ್ಕೆ ಹೋಯ್ತು. ನಾನು ತಟ್ಟೆ ಹಿಂದೇನೇ ಅಡಿಗೆಮನೆಗೆ ಹೋದೆ. ಈ ಗುಲಾಬಿ ನಿನ್ನೆ ನಾಮಕರಣದ್ದು."

"ಕೊಟ್ರಾ?"

"ಕೊಡ್ದೆ ಏನ್ಮಾಡ್ತಾರೆ? ನಮ್ಮ ಬೀಗರ ಪಾಲಿದು ಅಂತ ಕೈ ಚಾಚ್ಕೊಂಡು ನಿಂತಿದ್ದೆ."

ಎರಡು ವರ್ಷ ನುಂಗಿಕೊಂಡಿದ್ದ ಮಾತು ಕೊನೆಗೂ ಬಾಯಿಗೆ ಬಂತು. "ಮತ್ತೆ ನೀವೇ ಯಾಕೆ ನಂಗೆ ಕೊಡ್ಲಿಲ್ಲ?"

"ಒಂದೊಂದೇ ಕೊಟ್ರೆ ನೀವು ಫ್ಯಾನ್ ಒರೆಸ್ತೀರಿ ಅಕ್ಕಾ."

ಕೋಣೆಗೆ ಹೋಗಿ ಹಾಕಿಕೊಂಡೆ. ಕಂಕುಳಲ್ಲಿ ಸ್ವಲ್ಪ ಬಿಗಿ. ಕರ್ಚೀಫ್ ಹುಡುಕುತ್ತಾ ಜೇಬಿಗೆ ಕೈ ಹಾಕಿದೆ. ಜೇಬು ಗಿಳಿಹಸಿರು, ಮೂಲೆಯಲ್ಲಿ ಮಸಿ.

ಹೊರಗೆ ಬಂದಾಗ ಅವರೂ ಫ್ರಾಕಿನಲ್ಲಿದ್ದರು. ಒಬ್ಬರನ್ನೊಬ್ಬರು ನೋಡಿ ಸೋಫಾ ಹಿಡಿದುಕೊಂಡು ನಗುತ್ತಿರುವಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಭೂತಗನ್ನಡಿಯ ಅತ್ತೆ. ಇಬ್ಬರೂ ಕ್ಲಾಸ್ ತಪ್ಪಿಸಿ ಸಿಕ್ಕಿಬಿದ್ದವರಂತೆ ನಿಂತೆವು. ಅವರು ಹತ್ತಿರ ಬಂದು ನನ್ನ ಫ್ರಾಕಿನ ಒಂದೊಂದು ಪಟ್ಟಿಯನ್ನೂ ಕನ್ನಡಿಯಲ್ಲಿ ನಿಧಾನವಾಗಿ ಓದಿದರು. ಮೂವತ್ತು ವರ್ಷಗಳಿಂದ ಅವರ ಮುಂದೆಯೂ ತಟ್ಟೆ ಸ್ಪೀಡಾಗಿಯೇ ಹೋಗುತ್ತಿದೆ. ಅದು ನನಗೆ ಹೊಳೆದದ್ದು ಆ ಕ್ಷಣದಲ್ಲಿ.

"ನಂದೆಲ್ಲಿ?" ಎಂದರು.

ಬೀಗಿತ್ತಿ ಟೇಪು ಹುಡುಕಲು ಓಡಿದರು. ನಾನು ಪ್ಲ್ಯಾನ್ ಬಿಚ್ಚಿ 'ಮಿಸಲೇನಿಯಸ್' ಹೊಡೆದುಹಾಕಿ, ಬೀಗಿತ್ತಿ ಅಳೆದು ಹೇಳಿದ ಅಳತೆಗಳನ್ನು ಮಾರ್ಜಿನ್ ದಾಟಿ ಬರೆದುಕೊಂಡೆ, ಅಜ್ಜಿಗೂ ಕಾಣುವಂತೆ ದಪ್ಪ ಅಕ್ಷರದ ಕನ್ನಡದಲ್ಲಿ. ಅವರು ಕನ್ನಡಿ ಹಿಡಿದು ಮೇಲಿನಿಂದ ಕೆಳಗೆ ಓದಿ, ಹಾಳೆಯ ಮೇಲೆ ಬೆರಳು ಕುಟ್ಟಿದರು.

"ಜೇಬು ಬರ್ದಿಲ್ವಲ್ಲ."