ಎರಡು ಸೆಂಟಿಮೀಟರಿನ ಸಂಗ್ರಾಮ

ನಿಶ್ಮಿತಾ ಪೊಲೀಸ್ ಆಗುವುದಕ್ಕೂ ಆಗದೆ ಉಳಿಯುವುದಕ್ಕೂ ನಡುವೆ ಇದ್ದದ್ದು ಎರಡೇ ಸೆಂಟಿಮೀಟರು. ಪೊಲೀಸ್ ಭರ್ತಿಯ, ಅಂದರೆ ನೇಮಕಾತಿಯ, ಜಾಹೀರಾತಿನಲ್ಲಿ ಹುಡುಗಿಯರಿಗೆ ಕನಿಷ್ಠ ಎತ್ತರ ನೂರ ಐವತ್ತೈದು ಎಂದಿತ್ತು. ಮಹಾರಾಷ್ಟ್ರದ ಡೊಂಬಿವಲಿ ಪೂರ್ವದ ಫ್ಲ್ಯಾಟಿನಲ್ಲಿ, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಂತ ಅವಳು ನೂರ ಐವತ್ತಮೂರು. ಓಟ ಚೆನ್ನಾಗಿತ್ತು, ಗುಂಡೆಸೆತ ಚೆನ್ನಾಗಿತ್ತು, ಮರಾಠಿಯಂತೂ ಕನ್ನಡಕ್ಕಿಂತ ಚೆನ್ನಾಗಿತ್ತು. ಆದರೆ ಮೈದಾನದಲ್ಲಿ ಮೊದಲು ಸಿಗುವುದೇ ಎತ್ತರ ಅಳೆಯುವ ಮೇಜು. ಅಲ್ಲಿ ಕಡಿಮೆ ಬಿದ್ದವರಿಗೆ ಆಮೇಲಿನ ಓಟವೆಲ್ಲ ಮನೆಯ ಕಡೆಗೆ.

ಅವಳ ತಂದೆ ಚೆನ್ನಯ ಸ್ಟೇಷನ್ ಬಳಿಯ ಉಡುಪಿ ಹೋಟೆಲೊಂದರ ಮ್ಯಾನೇಜರು. ಇಪ್ಪತ್ತೆರಡು ವರ್ಷ ಗಲ್ಲಾದ ಹಿಂದೆ ಕುಳಿತು ಅವನು ಎರಡು ಸಂಪತ್ತು ಗಳಿಸಿದ್ದ. ಒಂದು, ಜಗತ್ತಿನ ಯಾವ ಸಮಸ್ಯೆಗೂ ತನ್ನಲ್ಲಿ ಉತ್ತರವಿದೆ ಎಂಬ ನಂಬಿಕೆ. ಇನ್ನೊಂದು, ಹೊಟ್ಟೆ.

"ಎತ್ತರ ಅಂದ್ರೆ ಎಂತ? ದೋಸೆ ಹಿಟ್ಟಿನ ಹಾಗೆ," ಎಂದ ಅವನು. "ಸರಿಯಾಗಿ ಬಿಟ್ರೆ ಉಬ್ತದೆ."

"ಇಪ್ಪತ್ತೆರಡು ವಯಸ್ಸಾದ ಮೇಲೆ ಉಬ್ಬುದು ಅಗಲಕ್ಕೆ ಮಾತ್ರ ಮಾರಾಯ್ರೆ," ಎಂದಳು ಹೆಂಡತಿ ಪ್ರಫುಲ್ಲಾ, ಅವನ ಅಂಗಿಯ ಮೂರನೇ ಗುಂಡಿಯನ್ನು ನೋಡುತ್ತ.

ಈ ಮಾತು ಚೆನ್ನಯನಿಗೆ ನಾಟಿತು. ಅವನು ಕುರ್ಚಿಯಿಂದ ಎದ್ದು ನಿಂತು (ಒಮ್ಮೆಗೇ ಅಲ್ಲ, ಎರಡು ಕಂತಿನಲ್ಲಿ) ಪ್ರತಿಜ್ಞೆ ಮಾಡಿದ.

"ಮಗಳ ಜೊತೆ ನಾನೂ ವ್ರತ ಹಿಡೀತೇನೆ. ಪ್ರತಿ ಭಾನುವಾರ ಅವಳ ಎತ್ತರ, ನನ್ನ ಸೊಂಟ. ನನ್ನ ಸೊಂಟ ನಲವತ್ತು ಇಂಚು ದಾಟಿದ್ರೆ ದಿನಾ ಬೆಳಿಗ್ಗೆ ಗ್ರೌಂಡಲ್ಲಿ ಎಂಟುನೂರು ಮೀಟರ್ ಓಡ್ತೇನೆ. ಸೀಟಿ ನೀವೇ ಊದಿ."

"ಪಕ್ಕಾ, ಪಪ್ಪಾ?" ಎಂದಳು ನಿಶ್ಮಿತಾ.

"ಪಕ್ಕಾ."

ಅಳತೆಗೆ ಮನೆಯಲ್ಲಿ ಇದ್ದದ್ದು ಒಂದೇ ಟೇಪು, ಪ್ರಫುಲ್ಲಾಳದು. ಕಾರ್ಕಳದ ಹೊಲಿಗೆ ತರಗತಿಯಲ್ಲಿ ಕೊಂಡ ಹಳದಿ ಬಟ್ಟೆಯ ಟೇಪು. ಅವಳ ಜೊತೆಗೇ ಮದುವೆಯಾಗಿ ಬಂದಿತ್ತು. ಅವಳು ಹೌಸಿಂಗ್ ಸೊಸೈಟಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಟೇಪು ನೂರ ಐವತ್ತಕ್ಕೆ ಮುಗಿಯುತ್ತಿದ್ದುದರಿಂದ ಚೌಕಟ್ಟಿನ ಮೇಲೆ ಅಲ್ಲೊಂದು ಪೆನ್ಸಿಲ್ ಗೆರೆ ಎಳೆದು, ಮೇಲಿನ ಮೂರನ್ನು ಬೇರೆಯಾಗಿ ಅಳೆಯಬೇಕಿತ್ತು.

"ಮಮ್ಮಿ, ಏಕ್ ಬಾರ್ ಡಾಕ್ಟರ್ ಹತ್ರ ಚೆಕ್ ಮಾಡುವಾ ನಾ," ಎಂದು ನಿಶ್ಮಿತಾ ಒಮ್ಮೆ ಕೇಳಿದ್ದಳು.

"ಯಾಕೆ? ಇಪ್ಪತ್ತಮೂರು ವರ್ಷದಲ್ಲಿ ನನ್ನ ಟೇಪು ಒಂದು ರವಿಕೆ ಕೆಡಿಸಿದ್ದುಂಟಾ?"

ಕೆಡಿಸಿರಲಿಲ್ಲ. ಪ್ರಶ್ನೆ ಅಲ್ಲಿಗೆ ಮುಗಿಯಿತು.

ಎತ್ತರದ ಅಭಿಯಾನ ಆರಂಭವಾಯಿತು. ಬಾಗಿಲ ಹೊರಗಿನ ಪ್ಯಾಸೇಜಿನಲ್ಲಿ ಬಟ್ಟೆ ಒಣಗಿಸುವ ಕಬ್ಬಿಣದ ಸರಳಿತ್ತು. ಬೆಳಿಗ್ಗೆ ಐದಕ್ಕೆ ನಿಶ್ಮಿತಾ ಮೈದಾನದಲ್ಲಿ ಓಡಿ ಬರುತ್ತಿದ್ದಳು. ಆರೂವರೆಗೆ ಚೆನ್ನಯ ಅವಳನ್ನು ಸರಳಿಗೆ ನೇತು ಹಾಕುತ್ತಿದ್ದ. ಒಂದು ತುದಿಯಲ್ಲಿ ಮಗಳು, ಇನ್ನೊಂದು ತುದಿಯಲ್ಲಿ ಒದ್ದೆ ಲುಂಗಿ. ಎದುರು ಮನೆಯ ಜಯಲತಾ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದಾಗಲೆಲ್ಲ, "ಇವತ್ತು ಒಣಗಿದ್ಲಾ?" ಎಂದು ಕೇಳುವಳು.

ನಾಲ್ಕು ತಿಂಗಳ ನಂತರ ಲುಂಗಿ ಎರಡು ಇಂಚು ಉದ್ದವಾಗಿತ್ತು. ಮಗಳು ನೂರ ಐವತ್ತಮೂರರಲ್ಲೇ ಇದ್ದಳು. ಚೆನ್ನಯನ ಸೊಂಟವೂ ಮೂವತ್ತೊಂಬತ್ತರಿಂದ ಅಲುಗಿರಲಿಲ್ಲ. ಸಂಜೆಯ ಗೋಳಿಬಜೆಯನ್ನು ಬಿಡದೆಯೂ ಈ ಸ್ಥಿರತೆ ಸಾಧಿಸಿದ್ದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆ. ನಲವತ್ತರ ರೆಡಿಮೇಡ್ ಪ್ಯಾಂಟಿನ ಹುಕ್ಕು ಮಾತ್ರ ಹಾಕಿಕೊಳ್ಳಲು ಬರುತ್ತಿರಲಿಲ್ಲ. "ಕಂಪನಿಯವ್ರು ಬಟ್ಟೆ ಉಳಿಸ್ತಾರೆ, ಕಳ್ಳರು," ಎಂದು ಅವನು ಅದನ್ನು ಬೆಲ್ಟಿನಿಂದ ಮುಚ್ಚಿದ.

ನಿಶ್ಮಿತಾ ಮಾತು ಕಡಿಮೆ ಮಾಡಿದಳು. ಮಹಾಪೆಯ ಕಂಪನಿಯೊಂದರಲ್ಲಿ ದಿನವಿಡೀ ಹೆಡ್‌ಫೋನ್ ಹಾಕಿ ಕೂರುವ ಕೆಲಸದ ಅರ್ಜಿ ತುಂಬಿ ದಿಂಬಿನ ಅಡಿಯಲ್ಲಿ ಇಟ್ಟುಕೊಂಡಳು. ಪ್ರಫುಲ್ಲಾ ಹಾಸಿಗೆ ಕೊಡವುವಾಗ ಅದನ್ನು ನೋಡಿದಳು, ಗಂಡನಿಗೂ ತೋರಿಸಿದಳು. ಆ ದಿನ ಚೆನ್ನಯ ಗೋಳಿಬಜೆ ಮುಟ್ಟಲಿಲ್ಲ.

ಮರುದಿನ ಹೋಟೆಲಿನ ಗಿರಾಕಿಯೊಬ್ಬರು ಅವನಿಗೊಂದು ಶಾಸ್ತ್ರ ಹೇಳಿದರು. ಮನುಷ್ಯ ಹಾಸಿಗೆಯಿಂದ ಏಳುವಾಗ ಎತ್ತರವಿರುತ್ತಾನೆ. ನಿಂತು, ಕುಳಿತು, ಸಂಜೆಯ ಹೊತ್ತಿಗೆ ಕುಗ್ಗುತ್ತಾನೆ. ಚೆನ್ನಯ ಮನೆಯಲ್ಲಿ ಪರೀಕ್ಷಿಸಿದ. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಮಗಳು ಅರ್ಧ ಸೆಂಟಿಮೀಟರು ಹೆಚ್ಚು. ಉಳಿದ ಒಂದೂವರೆ? ಉತ್ತರ ಸರಳವಾಗಿತ್ತು. ಹಿಂದಿನ ಸಂಜೆ ಆರಕ್ಕೇ ಮಲಗಿಸಬೇಕು, ಮತ್ತು ಭರ್ತಿ ನಡೆಯುವ ಠಾಣೆ ನಗರದ ಮೈದಾನದ ಗೇಟು ಬರುವವರೆಗೆ ಏಳಿಸಬಾರದು.

ಲೋಕಲ್ ರೈಲಿನಲ್ಲಿ ಮಲಗುವುದು ಹಾಗಿರಲಿ, ಎರಡೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಆದ್ದರಿಂದ ಚೆನ್ನಯ ಹುಲಗಪ್ಪನನ್ನು ಹಿಡಿದ. ರಾಯಚೂರು ಕಡೆಯ ಹುಲಗಪ್ಪ ಕಲ್ಯಾಣದ ಮಾರುಕಟ್ಟೆಯಿಂದ ಹೋಟೆಲಿಗೆ ದಿನವೂ ತನ್ನ ಟೆಂಪೋದಲ್ಲಿ ತರಕಾರಿ ತರುವವನು.

"ಏನ್ರಿ ಚೆನ್ನಯಣ್ಣ, ಹುಡುಗಿಗೆ ಜ್ವರಾ ಏನ್ರಿ?"

"ಜ್ವರ ಅಲ್ಲ. ಎತ್ತರ."

ಹುಲಗಪ್ಪ ಟೆಂಪೋದ ಉದ್ದವನ್ನು ಕಣ್ಣಲ್ಲೇ ಅಳೆದ. "ಆತ್ ಬಿಡ್ರಿ. ಬದನಿಕಾಯಿ ಮಲಗಿಸಿ ತರ್ತೀನಿ, ಇಕಿ ಏನ್ ಭಾರ."

ಎರಡು ಸಾವಿರದ ಹದಿನೇಳರ ಬೇಸಿಗೆಯ ಆ ಬೆಳಗಿನ ಜಾವ, ನಿಶ್ಮಿತಾ ಖಾಲಿ ಗೋಣಿಗಳ ಹಾಸಿಗೆಯ ಮೇಲೆ ಕುತ್ತಿಗೆವರೆಗೆ ಶಾಲು ಹೊದ್ದು ಠಾಣೆಯತ್ತ ಹೊರಟಳು. ಅಪ್ಪ, ಅಮ್ಮ, ಹುಲಗಪ್ಪ ಮೂವರೂ ಸೇರಿ ಹೊತ್ತು ತಂದ ಕಾರಣ ಮೆಟ್ಟಿಲ ಮೇಲೂ ಅವಳ ಒಂದು ಮಿಲಿಮೀಟರು ವ್ಯರ್ಥವಾಗಿರಲಿಲ್ಲ. ದಾರಿಯ ನಾಕಾಬಂದಿಯಲ್ಲಿ ಪೊಲೀಸರು ಟೆಂಪೋ ನಿಲ್ಲಿಸಿದರು.

"ಗಾಡೀತ್ ಕಾಯ್ ಆಹೆ?" ಒಳಗೆ ಏನಿದೆ ಎಂದು ಹವಾಲ್ದಾರ ಕೇಳಿದ.

"ಭಾಜಿ," ತರಕಾರಿ, ಎಂದ ಹುಲಗಪ್ಪ. ಹನ್ನೊಂದು ವರ್ಷದ ಅಭ್ಯಾಸ.

ಟಾರ್ಚಿನ ಬೆಳಕು ಗೋಣಿಗಳ ಮೇಲೆ ಹರಿದು, ಕಣ್ಣು ಮುಚ್ಚಿ ನೆಟ್ಟಗೆ ಮಲಗಿದ್ದ ಯುವತಿಯ ಮೇಲೆ ನಿಂತಿತು.

ಚೆನ್ನಯನ ಮರಾಠಿ ತಿಂಡಿಯ ಆರ್ಡರಿಗೆ ಸಾಲುತ್ತಿತ್ತು, ಇಂಥ ಸಂದರ್ಭಕ್ಕೆ ಅಲ್ಲ. "ಸಾಹೇಬ್, ಮಾಝೀ ಮುಲ್ಗೀ," ಎಂದ. ನನ್ನ ಮಗಳು. ಆಮೇಲೆ ಬಹಳ ಹುಡುಕಿ, "ಪೊಲೀಸ್" ಎಂದು ಸೇರಿಸಿದ. ಪೊಲೀಸ್ ಹೆಂಗಸೊಬ್ಬಳನ್ನು ಗೋಣಿಯಲ್ಲಿ ಸಾಗಿಸುತ್ತಿದ್ದಾನೆಂದು ತಿಳಿದ ಹವಾಲ್ದಾರ ಅವನ ತೋಳು ಹಿಡಿದ. ಗಾಬರಿಯಾಗಿ ನಿಶ್ಮಿತಾ ತಲೆ ಎತ್ತಿದಳು.

"ಏಳ್ಬೇಡ," ಎಂದು ಚೆನ್ನಯ ಚೀರಿದ. "ಏಳ್ಬೇಡ ಮಗಾ, ಇಳೀತದೆ."

ಅವಳು ಮತ್ತೆ ಮಲಗಿದಳು. ಆಕಾಶ ನೋಡುತ್ತಲೇ, ಹಣೆಗೆ ಕೈ ಹಚ್ಚಿ ಸೆಲ್ಯೂಟ್ ಹೊಡೆದು, ತಡವರಿಸದ ಮರಾಠಿಯಲ್ಲಿ ಭರ್ತಿ, ಎರಡು ಸೆಂಟಿಮೀಟರು, ಗಿರಾಕಿಯ ಶಾಸ್ತ್ರ, ಎಲ್ಲವನ್ನೂ ಕ್ರಮವಾಗಿ ವರದಿ ಮಾಡಿ ಹಾಲ್‌ಟಿಕೆಟ್ ತೋರಿಸಿದಳು. ಹವಾಲ್ದಾರ ಟಾರ್ಚು ಆರಿಸಿ ಆ ಕಡೆ ತಿರುಗಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು.

"ಹೋಗಮ್ಮ," ಎಂದ ಕೊನೆಗೆ ಮರಾಠಿಯಲ್ಲಿ. "ಇಷ್ಟು ಧೈರ್ಯವಾಗಿ ಹೇಳಿಕೆ ಕೊಟ್ಟವರನ್ನು ನಾನು ನೋಡಿಲ್ಲ. ಆಯ್ಕೆಯಾದರೆ ನಮ್ಮ ಚೌಕಿಗೇ ಬಾ. ಅಪ್ಪನನ್ನು ಕರೆತರಬೇಡ."

ಮೈದಾನದ ಗೇಟಿನ ಹೊರಗೆ ಚೆನ್ನಯ ಆರು ತಾಸು ನಿಂತ. ಮಧ್ಯಾಹ್ನದ ಹೊತ್ತಿಗೆ ನಿಶ್ಮಿತಾ ಕೆಂಪು ಮುಖ, ಧೂಳು ಕಾಲುಗಳೊಂದಿಗೆ ಹೊರಬಂದಳು.

"ಎಷ್ಟು?"

"ಒಂದು ನೂರ ಐವತ್ತೆಂಟು."

ಚೆನ್ನಯ ಗೇಟಿನ ಕಂಬ ಹಿಡಿದುಕೊಂಡ. ಮಗಳು ಎಂಟುನೂರು ಮೀಟರಿನಲ್ಲಿ ತನ್ನ ತಂಡದ ಮೊದಲಿಗಳಾದದ್ದನ್ನೂ, ಗುಂಡು ಗೆರೆಯ ಆಚೆ ಬಿದ್ದದ್ದನ್ನೂ ಹೇಳುತ್ತಿದ್ದಳು. ಅವನ ಕಿವಿಗೆ ಬಿದ್ದದ್ದು ಐವತ್ತೆಂಟು ಮಾತ್ರ. ಟೆಂಪೋ ಅವಳನ್ನು ಐದು ಸೆಂಟಿಮೀಟರು ಬೆಳೆಸಿತ್ತು.

ಲಿಖಿತ ಪರೀಕ್ಷೆಯೂ ಮುಗಿದು ಆಯ್ಕೆಪಟ್ಟಿಯಲ್ಲಿ ನಿಶ್ಮಿತಾಳ ಹೆಸರು ಬಂದ ದಿನ ಹೋಟೆಲಿನಲ್ಲಿ ಎಲ್ಲರಿಗೂ ಕಾಶಿ ಹಲ್ವ. ಗಲ್ಲಾದ ಹಿಂದಿನಿಂದ ಚೆನ್ನಯ 'ಶಯನ ಪದ್ಧತಿ'ಯ ಮೇಲೆ ಉಪನ್ಯಾಸ ಕೊಡತೊಡಗಿದ. ಒಂಬತ್ತು ತಿಂಗಳು ಕತ್ತಲಲ್ಲೆದ್ದು ಓಡಿದವಳು ಮಗಳು ಎಂಬ ಸಂಗತಿ ಆ ಉಪನ್ಯಾಸದಲ್ಲಿ ಒಂದು ಅಡಿಟಿಪ್ಪಣಿಯಾಗಿ ಬರುತ್ತಿತ್ತು. ಜಯಲತಾ ಕೂಡ ತನ್ನ ಮಗನಿಗಾಗಿ ಹುಲಗಪ್ಪನ ಫೋನ್ ನಂಬರು ಬರೆದುಕೊಂಡಳು.

ತರಬೇತಿಗೆ ಬೇಕಾದ ಟ್ರಂಕು ಕೊಳ್ಳಲು ಉಲ್ಹಾಸನಗರಕ್ಕೆ ಹೋದ ನಿಶ್ಮಿತಾ ಅಮ್ಮನಿಗೆಂದು ಒಂದು ಹೊಸ ಟೇಪು ತಂದಳು. ಪ್ರಫುಲ್ಲಾ ಅದನ್ನು ಹಳೆಯದರ ಪಕ್ಕದಲ್ಲಿ ಬಾಗಿಲ ಚೌಕಟ್ಟಿನ ಮೇಲಿನಿಂದ ತೂಗುಹಾಕಿದಳು. ಎರಡರಲ್ಲೂ ನೂರ ಐವತ್ತು. ಹಳೆಯದು ಹೊಸದಕ್ಕಿಂತ ಪೂರ್ತಿ ಐದು ಸೆಂಟಿಮೀಟರು ಕೆಳಗೆ ಇಳಿದಿತ್ತು.

ಇಪ್ಪತ್ತಮೂರು ವರ್ಷ ಎಳೆದೆಳೆದು ಟೇಪು ಹಿಗ್ಗಿತ್ತು. ಮೈಯನ್ನೂ ಬಟ್ಟೆಯನ್ನೂ ಅದರಲ್ಲೇ ಅಳೆಯುತ್ತಿದ್ದುದರಿಂದ ಯಾರ ರವಿಕೆಯೂ ಕೆಟ್ಟಿರಲಿಲ್ಲ. ನಿಶ್ಮಿತಾ ಮೊದಲಿನಿಂದಲೂ ನೂರ ಐವತ್ತೆಂಟೇ ಇದ್ದಳು. ಸರಳು, ಗೋಣಿ, ಟೆಂಪೋ ಯಾವುದೂ ಬೇಕಿರಲಿಲ್ಲ.

"ಹೊಸತು ಕುಗ್ಗಿದೆ," ಎಂದ ಚೆನ್ನಯ, ಪದ್ಧತಿಯನ್ನು ಉಳಿಸಿಕೊಳ್ಳಲು. "ಕಂಪನಿಯವ್ರು ಉಳಿಸ್ತಾರೆ."

"ಠಾಣೆಯಲ್ಲಿ ಸ್ಟೀಲ್ ಸ್ಕೇಲ್ ಇತ್ತು ಪಪ್ಪಾ. ವೋ ಭೀ ಕುಗ್ಗಿತ್ತಾ?"

ಪ್ರಫುಲ್ಲಾ ಹಳೆಯ ಟೇಪನ್ನು ನೋಡಿದಳು, ಮಗಳನ್ನು ನೋಡಿದಳು, ಆಮೇಲೆ ಗಂಡನ ಮೂರನೇ ಗುಂಡಿಯನ್ನು ನೋಡಿದಳು. ನಿಶ್ಮಿತಾಳ ಕಣ್ಣೂ ಅಲ್ಲಿಗೇ ಬಂತು.

ಚೆನ್ನಯ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಬಾಗಿಲಲ್ಲಿ ಮಹಾರಾಷ್ಟ್ರ ಪೊಲೀಸಿನ ಭಾವೀ ಸಿಪಾಯಿ ನಿಂತಿದ್ದಳು.

"ಪಪ್ಪಾ, ಸಾವ್ಧಾನ್. ಕೈ ಮೇಲೆ. ಉಸಿರು ಬಿಡಿ. ಪೂರಾ ಬಿಡಿ."

ನಲವತ್ತೂಕಾಲು.

ಮರುದಿನ ಬೆಳಿಗ್ಗೆ ಐದೂವರೆಗೆ ಡೊಂಬಿವಲಿಯ ಮೈದಾನದಲ್ಲಿ ಸೀಟಿ ಕೂಗಿತು. ಮಗಳು ತರಬೇತಿಗೆ ಹೋದ ಮೇಲೂ ಸೀಟಿ ನಿಲ್ಲಲಿಲ್ಲ. ಅದು ಪ್ರಫುಲ್ಲಾಳ ಕೈ ಸೇರಿತು, ಕತ್ತಿಗೆ ಹೊಸ ಟೇಪು. ಚೆನ್ನಯ ಮೂರನೇ ತಿರುವಿನಲ್ಲಿ ಬೇಲಿ ಹಿಡಿದು ಏದುಸಿರು ಬಿಡುತ್ತಿದ್ದಾಗ, ರಸ್ತೆಯಲ್ಲಿ ತರಕಾರಿ ಹೊತ್ತ ಟೆಂಪೋ ನಿಧಾನಿಸಿತು.

"ಚೆನ್ನಯಣ್ಣ," ಎಂದು ಹುಲಗಪ್ಪ ಹೊರಗೆ ತಲೆ ಹಾಕಿ ಕೇಳಿದ, "ಬದನಿಕಾಯಿ ಸರಿಸ್ಲೇನ್ರಿ? ಮಲಕೊಂಡ್ ಬರ್ರಿ."