ಕಳೆದುಹೋದ ಕೆಮ್ಮು

ಈ ಸಲ ಮನಸ್ಸನ್ನು ಕಲ್ಲು ಮಾಡಿಕೊಂಡೇ ವಿಮರ್ಶೆ ಬರೆಯುತ್ತೇನೆಂದು ಓಟ್ಟೊ ವೆಸೆಲಿಯವರು ಬೆಳಗಿನ ಕಾಫಿಯೂ ಪೈಪಿನ ತಂಬಾಕೂ ಮುಗಿಯುವ ಮೊದಲೇ ಭೀಷ್ಮಪ್ರತಿಜ್ಞೆ ಮಾಡಿದರು. ಅವರ ಕಿವಿ ಸಾಮಾನ್ಯದ್ದಲ್ಲ. ವಿಯೆನ್ನಾದ ಪತ್ರಿಕೆಯೊಂದಕ್ಕಾಗಿ ಶಾಸ್ತ್ರೀಯ ಸಂಗೀತದ ಹೊಸ ಧ್ವನಿಮುದ್ರಿಕೆಗಳನ್ನೂ ಮರುಮುದ್ರಣಗಳನ್ನೂ ನಲವತ್ತೈದು ವರ್ಷ ಜಾಲಾಡಿದ ಕಿವಿ. ಪಿಟೀಲು ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಅವರಿಗೆ ಹಲ್ಲುನೋವು ಬರುತ್ತಿತ್ತು.

ಆದರೆ ಮೇಜಿನ ಮೇಲಿದ್ದ ಸಿ.ಡಿ. ಬೇರೆಯ ಜಾತಿಯದು. ಬಹಳ ಹಿಂದಿನ ಕಛೇರಿಯೊಂದರ ಮರುಮುದ್ರಣ. ನಾಲ್ವರು ತಂತಿವಾದಕರು, ತುಂಬಿದ ಸಭೆ, ಎರಡನೆಯ ಭಾಗದ ಕೊನೆಯ ಸ್ವರ ಕರಗುತ್ತಿರುವಾಗ ಮೂರನೆಯ ಸಾಲಿನಿಂದ ಒಂದು ಕೆಮ್ಮು. ಅಲ್ಲಿಯ ಶ್ರೋತೃಗಳು ಕೆಮ್ಮನ್ನು ಕೂಡಿಡುವವರು. ಮುಖ ಕೆಂಪಾದರೂ ತಡೆದುಕೊಂಡು, ಭಾಗ ಮುಗಿದ ಮೇಲೆ ಇಡೀ ಸಭೆ ಒಟ್ಟಿಗೆ ಕೆಮ್ಮಿ ಹಗುರಾಗುತ್ತದೆ. ಈ ಕೆಮ್ಮು ಎರಡು ಉಸಿರು ಮೊದಲೇ ಹೊರಬಿದ್ದಿತ್ತು. ಅದು ವೆಸೆಲಿಯವರ ಹೆಂಡತಿ ರೋಸ್ವಿತಾಳದು.

ಎರಡು ವಾರಕ್ಕೆಂದು ಲಿಂಟ್ಸ್‌ನ ತಂಗಿಯ ಮನೆಗೆ ಹೋದ ರೋಸ್ವಿತಾ ಆರು ವರ್ಷವಾದರೂ ಬಂದಿರಲಿಲ್ಲ. ಮನೆಯ ಮೌನ ತಡೆಯಲಾಗದಾಗ ವೆಸೆಲಿಯವರು ಆ ಕಛೇರಿಯ ಹಳೆಯ ಎಲ್.ಪಿ. ತಟ್ಟೆ ಹಾಕುತ್ತಿದ್ದರು. ಸಂಗೀತ ಬರಿಯ ನೆಪ. ಕೆಮ್ಮು ಬಂದೊಡನೆ ಮುಳ್ಳನ್ನು ಎತ್ತಿ, "ಶಾಲು ಹೊದ್ಕೋಬಾರದಾ?" ಎಂದು ಖಾಲಿ ಕುರ್ಚಿಯನ್ನು ಗದರುತ್ತಿದ್ದರು. ಹೋದ ತಿಂಗಳು ಆ ತಟ್ಟೆಯನ್ನು ಪಾತ್ರೆ ಸೋಪಿನಲ್ಲಿ ತೊಳೆದು, ಬೇಗ ಒಣಗಲೆಂದು ಕೋಣೆ ಬೆಚ್ಚಗಾಗಿಸುವ ಹೀಟರಿನ ಮೇಲಿಟ್ಟರು. ನಲವತ್ತೈದು ವರ್ಷದ ಅನುಭವ! ತಟ್ಟೆ ಹಪ್ಪಳದಂತೆ ಮುದುರಿತು. ಇನ್ನು ಆ ಕೆಮ್ಮು ಇರುವುದು ಈ ಸಿ.ಡಿ.ಯಲ್ಲಿ ಮಾತ್ರ.

ಹಾಕಿದರು. ಎರಡನೆಯ ಭಾಗ ಬಂತು. ಕೊನೆಯ ಸ್ವರ ಕರಗಿತು. ಕೆಮ್ಮಿಲ್ಲ. ಮತ್ತೆ ಹಾಕಿದರು. ಇಲ್ಲ. ಸದ್ದನ್ನು ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿ ಅಂಟಿಸಿ ಕುಳಿತರು. ಬಾವಿಯಷ್ಟು ಆಳದ ನಿಶ್ಶಬ್ದ. ಅದರ ಬೆನ್ನಿಗೇ ಮೂರನೆಯ ಭಾಗ ಸಿಡಿಯಿತು. ವೆಸೆಲಿಯವರು ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಕಾಫಿ ಕಪ್ಪು ಅವರಿಗಿಂತ ಮೊದಲೇ ನೆಲ ಮುಟ್ಟಿತು.

ಕೆಳಮನೆಯ ನೊವೊಟ್ನಿಯಮ್ಮ ಚಪ್ಪಲಿ ಬಡಿಯುತ್ತ ಓಡಿ ಬಂದರು. ಪಿಎಚ್.ಡಿ. ಆದವರನ್ನು ಅವರು ಬರೀ ಹೆಸರಿನಿಂದ ಕರೆದವರಲ್ಲ.

"ಏನ್ ಡಾಕ್ಟ್ರೇ, ಗೋಡೆ ಬಿತ್ತಾ?"

"ಕೆಮ್ಮು ಕಳೆದುಹೋಯ್ತು."

"ಹೋದ್ರೆ ಒಳ್ಳೇದೇ ಆಯ್ತಲ್ಲ. ನನ್ನದು ನವೆಂಬರಿಂದ ಹೋಗ್ತಾನೇ ಇಲ್ಲ."

"ನಂದಲ್ಲ. ರೋಸ್ವಿತಾಳದು."

ನೊವೊಟ್ನಿಯಮ್ಮನ ದನಿ ಮೆತ್ತಗಾಯಿತು. "ಹಾಗಾದ್ರೆ ಅವರನ್ನೇ ಕೇಳಿ."

"ಮೊದಲು ಕಂಪನಿಯವರನ್ನ ವಿಚಾರಿಸ್ಕೋತೀನಿ."

ಫೋನೆತ್ತಿದ ಸಿ.ಡಿ. ಕಂಪನಿಯ ಹುಡುಗಿಗೆ ಜೇನಿನಂಥ ದನಿ. "ಸರ್, ಒಳಗಿನ ಪುಸ್ತಿಕೆಯ ನಾಲ್ಕನೇ ಪುಟ ನೋಡ್ತೀರಾ?"

ನೋಡಿದರು. ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, ಎಲ್.ಪಿ. ಬಂದ ವರ್ಷದ ವಿಮರ್ಶೆ: "ಈ ಧ್ವನಿಮುದ್ರಿಕೆ ಅಮೃತ. ಅದರಲ್ಲೊಂದು ನೊಣ, ಆ ಕೆಮ್ಮು. ಕೆಮ್ಮಿದ ಮಹಿಳೆ ಇನ್ನು ಮನೆಯಲ್ಲೇ ಉಳಿಯುವುದು ಸಂಗೀತಕ್ಕೆ ಕ್ಷೇಮ." ಕೆಳಗೆ ಹೆಸರು: ಓಟ್ಟೊ ವೆಸೆಲಿ.

"ಅದನ್ನ ಓದಿಯೇ ನಮ್ಮ ಎಂಜಿನಿಯರು ಮೂರು ವಾರ ಕೂತು ತೆಗೆದ್ರು ಸರ್. ನಿಮಗೆ ಖುಷಿಯಾಗುತ್ತೆ ಅಂದ್ಕೊಂಡ್ವಿ."

ಪಕ್ಕದಲ್ಲಿ ಕೆಮ್ಮಿದವಳು ಯಾರೆಂದು ತಿಳಿದೇ ವೆಸೆಲಿಯವರು ಹಾಗೆ ಬರೆದಿದ್ದರು, ತಾವು ನಿಷ್ಪಕ್ಷಪಾತಿಯೆಂದು ಲೋಕಕ್ಕೆ ತೋರಿಸಲು. ರೋಸ್ವಿತಾ ಓದಿ, ಪತ್ರಿಕೆಯನ್ನು ಮಡಚಿಟ್ಟಿದ್ದಳು. ಮುಂದಿನ ಕಛೇರಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪಕ್ಕದ ಖಾಲಿ ಕುರ್ಚಿ ಕೋಟು ಇಡಲು ಅನುಕೂಲವಾಗಿತ್ತಾದ್ದರಿಂದ ಅವರು ಬಹಳ ವರ್ಷ ಅದನ್ನು ಗಮನಿಸಲೇ ಇಲ್ಲ.

ನೊವೊಟ್ನಿಯಮ್ಮ ಕಪ್ಪಿನ ಚೂರುಗಳನ್ನು ಗುಡಿಸಿಕೊಂಡು ಹೋದ ಮೇಲೆ ಲಿಂಟ್ಸ್‌ಗೆ ಫೋನ್ ಮಾಡಿದರು.

"ರೋಸಿ, ನಾನು ಓಟ್ಟೊ. ಒಂದು ಉಪಕಾರ ಮಾಡ್ತೀಯಾ? ಒಂದ್ಸಲ ಕೆಮ್ಮು."

"ಬೆಳಿಗ್ಗೇನೇ ಕುಡಿದಿದ್ದೀಯಾ?"

"ಇಲ್ಲ. ಆ ಕಛೇರಿಯ ಹೊಸ ಮುದ್ರಣ ಬಂದಿದೆ. ನಿನ್ನ ಕೆಮ್ಮನ್ನ ಅದರಿಂದ ತೆಗೆದುಬಿಟ್ಟಿದ್ದಾರೆ. ನಾನು ಬರೆದಿದ್ದನ್ನ ನಂಬಿ ತೆಗೆದಿದ್ದಾರೆ. ಹಾಗೆ ಬರೀಬಾರದಿತ್ತು, ರೋಸಿ. ಮನೆಯಲ್ಲಿ ಈಗ ಸದ್ದೇ ಇಲ್ಲ."

ವೆಸೆಲಿಯವರು ಕೆಮ್ಮಿಗಾಗಿ ಫೋನಿಗೆ ಕಿವಿ ಅಂಟಿಸಿದರು. ಆಮೇಲೆ ರೋಸ್ವಿತಾಳ ದನಿ ಬಂತು, ಎಳ್ಳಷ್ಟೂ ಗೊಗ್ಗರಿಲ್ಲದೆ, ಗಂಟೆಯಷ್ಟು ಸ್ವಚ್ಛವಾಗಿ.

"ಎಲ್ಲಿಂದ ಕೆಮ್ಮಲಿ, ಓಟ್ಟೊ? ನಿನ್ನ ಪೈಪಿನ ಹೊಗೆಯಿಂದ ತಪ್ಪಿಸ್ಕೊಂಡು ಇಲ್ಲಿಗೆ ಬಂದ ವಾರದಲ್ಲೇ ಅದು ನಿಂತುಹೋಯ್ತು."